ಖಾದರಸಾಬರು ಹುಡುಕಿಕೊಟ್ಟ ಪಿಂಗಾಣಿ ಹಿಡಿ

ಕರೆಂಟಿನ ಕೆಲಸದ ಖಾದರಸಾಬರ ಅಂಗಿಯ ಜೇಬು ಸದಾ ಜೋತುಬಿದ್ದಿರುತ್ತಿತ್ತು. ಅದರಲ್ಲಿ ಯಾರದೋ ಮನೆಯ ಫ್ಯೂಸ್ ಇರುತ್ತಿತ್ತು. ತಂತಿಗೆ ಕೈ ಹಾಕುವ ಮೊದಲು ಅದನ್ನು ಕಿತ್ತು ಜೇಬಿಗೆ ಇಳಿಸುವುದು ಅವರ ಪದ್ಧತಿ. ತಾವು ಕೆಲಸದಲ್ಲಿರುವಾಗ ಬೇರೆ ಯಾರೂ ಅದನ್ನು ಮತ್ತೆ ಸಿಕ್ಕಿಸಬಾರದಲ್ಲ. ಒಮ್ಮೆ ನಮ್ಮ ಕೆಳಗಿನ ಮನೆಯವರ ಫ್ಯೂಸನ್ನು ಮರೆತು ಜೇಬಿನಲ್ಲೇ ಇಟ್ಟುಕೊಂಡು ಲೋಕಲ್ ಹತ್ತಿ ದಾದರ್ ತಲುಪಿಬಿಟ್ಟಿದ್ದರು. ಮುಂದಿನ ಗಾಡಿಗೇ ನಮ್ಮ ಮುಲುಂಡ್‌ಗೆ ಮರಳಿ, “ನಿಮ್ಮ ಮನಿ ಬೆಳಕಿಗೆ ದಾದರ್ ತೋರಿಸಿ ತಂದೀನ್ರಿ” ಎಂದು ಕೊಟ್ಟರಂತೆ.

ಹುನಗುಂದದ ಕಡೆಯವರು. ಮನೆಯಲ್ಲಿ ದಖ್ಖನಿ, ನಮ್ಮೊಡನೆ ಕನ್ನಡ. ಚಪ್ಪಲಿಯನ್ನು ಬಾಗಿಲಲ್ಲೇ ಬಿಡುತ್ತಿದ್ದರು. ಆದರೆ ಕರೆಂಟಿನ ಕೆಲಸಕ್ಕೆ ಬರಿಗಾಲು ಆಗದು. ಆದ್ದರಿಂದ ಚೀಲದಿಂದ ತೊಳೆದ ರಬ್ಬರ್ ಚಪ್ಪಲಿ ತೆಗೆದು ಮೆಟ್ಟಿಕೊಂಡು ಸ್ಟೂಲ್ ಹತ್ತುತ್ತಿದ್ದರು.

ಹೋದ ತಿಂಗಳು ಅವರು ತೀರಿಕೊಂಡರು. ನಾನು ಕುರ್ಲಾದ ಅವರ ಮನೆ ತಲುಪುವಷ್ಟರಲ್ಲಿ ಎಲ್ಲರೂ ಮಣ್ಣು ಮಾಡಿ ಮರಳಿದ್ದರು. ಅಂದಿನಿಂದ ಹಳೆಯದೊಂದು ಬೇಸಿಗೆ ಮನಸ್ಸಿನಲ್ಲಿ ಕುಳಿತಿದೆ.

ಆಗ ನಮ್ಮ ಅವ್ವ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಳು. ಮೇ ತಿಂಗಳು. ಫ್ಯಾನಿನ ಫ್ಯೂಸಿನ ತಂತಿ ಕಟ್ಟುವ ಪಿಂಗಾಣಿ ಹಿಡಿ ಒಡೆದು ಎರಡು ಹೋಳಾಯಿತು. ನಮ್ಮ ಬೋರ್ಡು ಬಹಳ ಹಳೆಯದು. ಆ ಅಳತೆಯ ಹಿಡಿ ಬರುವುದು ನಿಂತು ಎಷ್ಟೋ ವರ್ಷವಾಯಿತು ಎಂದರು ಅಂಗಡಿಯವರು. ಇಡೀ ಬೋರ್ಡು ಬದಲಿಸೋಣವೆಂದರೆ ಮನೆಯ ಮಾಲೀಕರ ಸಹಿ ಬೇಕು; ಅವರು ಊರಲ್ಲಿರಲಿಲ್ಲ. ಅವ್ವನ ಬೆವರು ನೋಡಲಾಗದೆ ನಾನೇ ಒಂದು ದಪ್ಪ ತಂತಿ ಸುತ್ತಿ ಫ್ಯಾನ್ ತಿರುಗಿಸಿಬಿಟ್ಟೆ.

ಖಾದರಸಾಬರು ಬಂದವರೇ ಅದನ್ನು ಕಿತ್ತರು.

“ಇದು ಹೊತ್ತಿಕೊಂಡ್ರ ನೀವು ಓಡ್ತೀರಿ. ಅವ್ವಾರು ಓಡ್ತಾರೇನ್ರಿ?”

ಹಾಸಿಗೆಯಿಂದ ಅವ್ವ ತೊದಲುತ್ತಾ, “ಬೈಬ್ಯಾಡೋ ಸಾಬಾ, ನನ್ನ ಸಲುವಾಗಿ ಮಾಡ್ಯಾನ” ಎಂದಳು.

“ನಿಮ್ಮ ಸಲುವಾಗೇ ಬೈಯಾಕತ್ತೀನಬೇ.”

ನಾಲ್ಕು ದಿನ ನಾವು ಸರದಿಯಂತೆ ಬೀಸಣಿಕೆ ಬೀಸಿದೆವು. ಖಾದರಸಾಬರು ದಿನವೂ ಬಂದು ಅರ್ಧ ಗಂಟೆ ಬೀಸಿ, ಮತ್ತೆ ಹುಡುಕಲು ಹೋಗುತ್ತಿದ್ದರು. ಗುಜರಿ ಅಂಗಡಿಗಳಲ್ಲೂ ಸಿಗಲಿಲ್ಲ. ಗೋರೆಗಾಂವ್‌ನಲ್ಲಿ ಹಳೆಯ ಬಂಗಲೆಯೊಂದನ್ನು ಕೆಡವುತ್ತಿದ್ದಾರೆಂದು ಯಾರೋ ಹೇಳಿದರು. ಭಾನುವಾರ ನನ್ನನ್ನೂ ಕರೆದುಕೊಂಡು ಹೊರಟರು.

ಕೆಡವುವವರೆಲ್ಲ ನಮ್ಮ ಕಡೆಯ ಮಂದಿಯೇ. ಬೋರ್ಡಿನ ಹಲಗೆ ಒಲೆಗೆ ಹೋಗಿತ್ತು, ಹಿತ್ತಾಳೆ ಗುಜರಿಗೆ ಹೋಗಿತ್ತು. ಜೋಪಡಿಯ ಮುಂದೆ ಯಲ್ಲವ್ವ ಎಂಬಾಕೆ ಕಲ್ಲಿನ ಮೇಲೆ ಮೆಣಸಿನಕಾಯಿ, ಬೆಳ್ಳುಳ್ಳಿ ಅರೆಯುತ್ತಿದ್ದಳು. ಅವಳ ಕೈಯಲ್ಲಿದ್ದದ್ದು ನಮ್ಮ ಅಳತೆಯ ಪಿಂಗಾಣಿ ಹಿಡಿ.

“ತಂಗಿ, ಅದನ್ನ ನನಗ ಕೊಡಬೇ.”

“ಇದನ್ನ ಕೊಟ್ರ ಖಾರ ಯಾತರ್ಲೆ ಅರೀಲಿ? ನಿನ್ನ ತಲೀಲೇನು?”

“ನನ್ನ ತಲಿ ಟೊಳ್ಳೈತಿ. ಬರೇ ಸಪ್ಪಳಾ ಆಗತೈತಿ.”

ಅವಳು ನಕ್ಕಳು, ಕೊಡಲಿಲ್ಲ. ಖಾದರಸಾಬರು ಪೇಟೆಗೆ ಹೋಗಿ ಒಂದು ಗುಂಡಕಲ್ಲು ಹೊತ್ತು ತಂದರು. ಯಲ್ಲವ್ವ ಅದರಿಂದ ಒಂದಿಷ್ಟು ಖಾರ ಅರೆದು, ನಾಲಗೆಗೆ ಹಚ್ಚಿ ನೋಡಿ, “ನುಣ್ಣಗಾಗತೈತಿ, ಒಯ್ಯಿ” ಎಂದಳು. ಹೊಸ ಕಲ್ಲಿನ ಖಾರ ಹಚ್ಚಿದ ರೊಟ್ಟಿ ತಿಂದ ಮೇಲೆಯೇ ನಮ್ಮನ್ನು ಬಿಟ್ಟಳು.

ನಮ್ಮದರಲ್ಲಿ ಪಿಂಗಾಣಿ ಒಡೆದಿತ್ತು, ಹಿತ್ತಾಳೆಯ ಪಟ್ಟಿ ಗಟ್ಟಿಯಿತ್ತು. ಅವಳದರಲ್ಲಿ ಹಿತ್ತಾಳೆ ಹೋಗಿ ಪಿಂಗಾಣಿ ಉಳಿದಿತ್ತು. ಖಾದರಸಾಬರು ಎರಡನ್ನೂ ಕೂಡಿಸಿ, ಸಣ್ಣ ತಂತಿ ಕಟ್ಟಿ ಸಿಕ್ಕಿಸಿದರು. ಫ್ಯಾನ್ ತಿರುಗಿತು. ಅವ್ವನಿಗೆ ಜೊಂಪು ಹತ್ತಿತು. ಸ್ವಲ್ಪ ಹೊತ್ತಿಗೆ ಹಿಡಿ ಬೆಚ್ಚಗಾಗಿ ಬೋರ್ಡಿನಿಂದ ಬೆಳ್ಳುಳ್ಳಿಯ ವಾಸನೆ ಬಂತು. “ನಿದ್ದಿ ಬಂದಿತ್ತು, ಹಸಿವು ಎಬ್ಬಿಸಿತು” ಎಂದಳು ಅವ್ವ. ಖಾದರಸಾಬರು ಸ್ಟೂಲಿನ ಮೇಲೆ ಕುಳಿತೇ ನಕ್ಕರು.

ಅವ್ವ ಆ ಫ್ಯಾನಿನ ಕೆಳಗೆ ಇನ್ನೂ ನಾಲ್ಕು ಬೇಸಿಗೆ ಕಳೆದಳು. ಐದನೆಯ ಬೇಸಿಗೆಯ ಒಂದು ಮಧ್ಯಾಹ್ನ ಹೋದಳು. ತಲೆಯ ಬಳಿ ದೀಪ ಹಚ್ಚಿಟ್ಟರು. ಗಾಳಿಗೆ ಆರೀತೆಂದು ಯಾರೋ ಫ್ಯಾನ್ ನಿಲ್ಲಿಸಿದರು. ಖಾದರಸಾಬರು ಬಂದು, ನಿಂತ ಫ್ಯಾನನ್ನು ನೋಡಿದರು. ಆಮೇಲೆ ನನ್ನ ಬಳಿ ಬಗ್ಗಿ ಮೆಲ್ಲಗೆ ಹೇಳಿದರು:

“ಅವ್ವಾರಿಗೆ ಸೆಕಿ ತಡಿಯೂದಿಲ್ರಿ. ಫ್ಯಾನ್ ಇರಲಿ. ದೀಪ ನಾ ನೋಡ್ಕೋತೀನಿ.”

ನಾನು ಎದ್ದು ಸ್ವಿಚ್ ಹಾಕಿದೆ. ಅವರು ದೀಪದ ಸುತ್ತ ಎರಡೂ ಕೈ ಮರೆಮಾಡಿ ಕುಳಿತರು. ಅವ್ವನನ್ನು ಎತ್ತುವವರೆಗೂ ಕೈ ತೆಗೆಯಲಿಲ್ಲ.