ಮೈಲಾರಲಿಂಗನ ಫೋಲ್ಡರ್

ಇವತ್ತು ಮನೆಗೆ ಹೊಸ ಲ್ಯಾಪ್‌ಟಾಪ್ ಬಂತು. ಪೆಟ್ಟಿಗೆ ಬಿಚ್ಚಿದೊಡನೆ ಬಂದ ಹೊಸ ಪ್ಲಾಸ್ಟಿಕ್ಕಿನ ವಾಸನೆಗೆ ನನ್ನ ಕಿವಿ ಬಿಸಿಯಾಯಿತು. ನೀವು ನಗಬಹುದು, ಆದರೆ ನನ್ನ ನಾಚಿಕೆಗೆ ಇದೇ ವಾಸನೆ.

ನಾವಿರುವುದು ತೆಲುಗು ಸೀಮೆಯಲ್ಲಾದರೂ ನಮ್ಮ ಅತ್ತೆಯವರು ಬೀದರಿನ ಕಡೆಯವರು. ಮನೆಗೆ ಹೊಸದೇನು ಬಂದರೂ ಅದರ ಮೇಲೆ ಮೊದಲು ಮನೆದೇವರ ಹೆಸರು ಬರೆಯಬೇಕು. ನಮ್ಮ ಮಿಕ್ಸರಿನ ಮೇಲೂ ಇದೆ. ಹಳೆಯ ಲ್ಯಾಪ್‌ಟಾಪ್ ಮೊದಲ ಸಲ ಹೆಸರು ಕೇಳಿದಾಗ ನಾನೂ ಕನ್ನಡದಲ್ಲಿ ಮೈಲಾರಲಿಂಗ ಎಂದು ಟೈಪಿಸಿದ್ದೆ. ನನ್ನ ಫೈಲುಗಳೆಲ್ಲ ಆ ಹೆಸರಿನ ಫೋಲ್ಡರಿನೊಳಗೆ ಹೋಗಿ ಕೂತವು.

ಆಗ ನಾನು ನಾಚಾರಂನ ಸಣ್ಣ ಕಾರ್ಖಾನೆಯೊಂದರಲ್ಲಿ ಮಾಲಿನ ಪರೀಕ್ಷೆ ನೋಡಿಕೊಳ್ಳುತ್ತಿದ್ದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಗ್ರಾಫ್ ತೆಗೆದು ತೋರಿಸಿದರೆ ವಿಭಾಗವನ್ನೇ ನನಗೆ ಒಪ್ಪಿಸುವುದಾಗಿ ಮಾಲೀಕರು ಹೇಳಿದ್ದರು. ಕೂಕಟ್‌ಪಲ್ಲಿಯಲ್ಲಿ ಅದರ ಕ್ಲಾಸಿಗೆ ಸೇರಿದೆ. ಎಲ್ಲರ ಗ್ರಾಫೂ ಬಂತು, ನನ್ನದು ಬರಲಿಲ್ಲ. ಗ್ರಾಫ್ ಬಿಡಿಸುವ ಲೈಬ್ರರಿಗೆ, ಅಂದರೆ ಸಿದ್ಧ ಕೋಡಿನ ಕಟ್ಟಿಗೆ, ಕನ್ನಡ ಹೆಸರಿನ ಫೋಲ್ಡರನ್ನು ಓದಲಾಗುತ್ತಿರಲಿಲ್ಲ. ಮೇಷ್ಟ್ರು ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ ಹಾಕಿಕೊಟ್ಟರು. ಅಂದರೆ, ಆ ಫೋಲ್ಡರ್ ಬಿಟ್ಟು ಇಲ್ಲಿಗೆ ಹೋಗು ಎಂದು ಪ್ರೋಗ್ರಾಮಿಗೆ ಹೇಳಿಡುವ ವಿಳಾಸ. ಗ್ರಾಫ್ ಬಂತು. ವಿಂಡೋ ಮುಚ್ಚಿದರೆ ಆ ವಿಳಾಸವೂ ಹೋಗುತ್ತದೆ ಎಂದು ಅವರು ಹೇಳುವಾಗ ನಾನು ಗೆದ್ದ ಖುಷಿಯಲ್ಲಿ ಬ್ಯಾಗಿಗೆ ಜಿಪ್ ಎಳೆಯುತ್ತಿದ್ದೆ.

ಮರುದಿನ ಮಾಲೀಕರೆದುರು, ಎಲ್ಲರೆದುರು, ಗ್ರಾಫಿನ ಬದಲು ತಪ್ಪು ಸೂಚನೆಯ ಕೆಂಪು ಅಕ್ಷರಗಳು ಸುರಿದವು. ಅವರು ಚಹಾ ಮುಗಿಸಿ, ಆಮೇಲೆ ನೋಡೋಣಮ್ಮ ಎಂದು ಎದ್ದುಹೋದರು. ವಿಭಾಗ ಬೇರೆಯವರ ಪಾಲಾಯಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅತ್ತೆಯವರಿಗೆ ತಿಳಿಯಬಾರದ ಮಾತನ್ನು ನಾನೂ ನಮ್ಮವರೂ ತೆಲುಗಿನಲ್ಲಿ ಆಡುವುದು ರೂಢಿ. ಆ ದಿನ ಊಟಕ್ಕೆ ಕೂತಾಗ, ಎಲ್ಲ ಇವರ ದೇವರಿಂದಲೇ ಆಯಿತು ಎಂದು ತೆಲುಗಿನಲ್ಲಿ ಗೊಣಗಿದೆ. ರೊಟ್ಟಿ ಬಡಿಸುತ್ತಿದ್ದ ಅತ್ತೆಯವರ ಕೈ ನಿಂತಿತು.

"ತೀಸೆಯ್ಯಮ್ಮಾ," ಎಂದರು. ಆ ಹೆಸರು ತೆಗೆದುಬಿಡಮ್ಮ, ಅಂತ. ಅದೂ ನನಗಿಂತ ಚೆಂದದ ತೆಲುಗಿನಲ್ಲಿ. ಇಷ್ಟು ವರ್ಷ ಕೋಠಿಯ ಅಂಗಡಿಗಳಲ್ಲಿ ಅವರು ಯಾವ ಭಾಷೆಯಲ್ಲಿ ಚೌಕಾಸಿ ಮಾಡಿಯಾರು ಎಂದು ನಾನು ಯೋಚಿಸಿಯೇ ಇರಲಿಲ್ಲ. ಆಮೇಲೆ ಕನ್ನಡಕ್ಕೆ ಬಂದರು. "ನಮ್ಮ ದೇವರಿಂದ ನಿನ್ನ ನೌಕರಿ ಕೆಡಬಾರದವ್ವ."

ಅದೇ ಜಾಗದಲ್ಲಿ ಕೂತು, ಅವರ ಬಗ್ಗೆ, ಅವರ ಔಷಧದ ಖರ್ಚಿನ ಬಗ್ಗೆ ನಾವು ಏನೇನು ಆಡಿದ್ದೆವೋ ಎಲ್ಲ ನೆನಪಾಯಿತು. ನೌಕರಿಯ ಅವಮಾನ ಅದರ ಮುಂದೆ ಏನೂ ಅಲ್ಲ.

ಇವತ್ತು ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ದೇವರ ಹೆಸರನ್ನು ಇಂಗ್ಲಿಷಿನಲ್ಲಿ ಯಾಕೆ ಬರೆಯಬೇಕು, ಇಲ್ಲದಿದ್ದರೆ ಏನು ತೊಡಕು ಎಂದು ಕನ್ನಡದಲ್ಲಿ ನಿಧಾನವಾಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಬರಿಯವ್ವ," ಎಂದರು. "ಭಾಳ ದಿನಕ್ಕ ನನಗೊಂದು ಮಾತು ಹೇಳಿದಿ."

ನಾನು ತಲೆ ಎತ್ತದೆ ಟೈಪಿಸಿದೆ.