ಡಬ್ಬಿ ಸುಳ್ಳು ಹೇಳಿರಲಿಲ್ಲ

ಆ ದಿನ ನಿನ್ನ ಡಬ್ಬಿ ಕೆಟ್ಟಿರಲಿಲ್ಲ, ಶಾಹೀನ್. ಅದರ ಸೆಲ್ ತೆಗೆದವಳು ನಾನು. ನಿಮ್ಮಪ್ಪ ಹಗೇವಿಗೆ ಇಳಿಯುವ ಮೊದಲು ತೆಗೆದೆ. ಅವನನ್ನು ಮೇಲೆ ಎಳೆದು ಮಲಗಿಸಿ ಎಲ್ಲರೂ ಸುತ್ತ ಕೂತಾಗ ಮತ್ತೆ ಹಾಕಿದೆ. ಯಾರೂ ನೋಡಲಿಲ್ಲ. ನಾನೂ ಹೇಳಲಿಲ್ಲ.

ಇದನ್ನು ನಾನೇ ಬರೆಯುತ್ತಿದ್ದೇನೆ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ, ಓದಿಕೊ. ಮೊಮ್ಮಗನಿಗೆ ಹೇಳಿ ಬರೆಸಬಹುದಿತ್ತು. ಬರೆಸಿದರೆ ಅವನ ಮುಂದೆ ಒಂದಿಷ್ಟು ಮಾತು ನುಂಗುತ್ತೇನೆ — ನನ್ನನ್ನು ನಾನು ಬಲ್ಲೆ.

ನೀನು ಇದನ್ನು ವಿಜಯಪುರದ ನಿಮ್ಮ ಕಾಲೇಜಿನ ಸರ್‌ಗೂ ತೋರಿಸಬೇಕು. ಅವರಿಗೆ ಹಗೇವು ಗೊತ್ತಿರಲಿಕ್ಕಿಲ್ಲ, ಅದಕ್ಕೇ ಹೇಳುತ್ತೇನೆ. ಹಗೇವು ಅಂದರೆ ಜೋಳ ಇಡುವ ನೆಲದೊಳಗಿನ ಕುಣಿ. ಇಂಗಳೇಶ್ವರದ ನಮ್ಮ ಅಂಗಳದಲ್ಲಿ ಒಂದಿದೆ. ಬಾಯಿ ಮನುಷ್ಯನ ಹೆಗಲಿನಷ್ಟೇ ಅಗಲ, ಹೊಟ್ಟೆ ಮಾತ್ರ ಒಂದು ಖೋಲಿಯಷ್ಟು. ಮೇಲೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ಒಳಗಿನ ಜೋಳಕ್ಕೆ ವರ್ಷಗಟ್ಟಲೆ ಹುಳ ಹತ್ತುವುದಿಲ್ಲ. ಹುಳ ಬದುಕದ ಗಾಳಿಯಲ್ಲಿ ಮನುಷ್ಯನೂ ಬದುಕುವುದಿಲ್ಲ.

ನಮ್ಮ ಓಣಿಯಲ್ಲಿ ಯಾರ ಹಗೇವು ತೆರೆದರೂ ಇಳಿಯಬಹುದೋ ಇಲ್ಲವೋ ಎಂದು ಹೇಳುವವಳು ನಾನಾಗಿದ್ದೆ. ಅತ್ತೆ ಕಲಿಸಿದ್ದು. ಚಪ್ಪಡಿ ಸರಿಸು, ಗಾಳಿ ಆಡಲು ಬಿಡು, ಕಂದೀಲು ಇಳಿಸು. ಕಂದೀಲು ಆರಿದರೆ ಇಳಿಯಬಾರದು. ನಿಮ್ಮಪ್ಪ ಮೌಲಾಸಾಬ ನನ್ನ ಮಾತಿಗೆ ಇಳಿದವನು, ಅವನಿಗಿಂತ ಮುಂಚೆ ನಿಮ್ಮಜ್ಜ. ಇಳಿದವರೆಲ್ಲ ಹತ್ತಿ ಬಂದರು. ಅದು ನನ್ನ ತಲೆಗೆ ಏರಿತ್ತು.

ಆಮೇಲೆ ನೀನು ಡಬ್ಬಿ ತಂದೆ. ಎಲೆಕ್ಟ್ರಾನಿಕ್ಸ್‌ನಲ್ಲಿ ದೊಡ್ಡ ಓದು ಓದುತ್ತಿದ್ದೆ, ಇದೇ ನಿನ್ನ ಸಂಶೋಧನೆ. ನಮ್ಮ ಕಟ್ಟೆಯ ಮೇಲೆ ಇಟ್ಟು, "ಆಯಿ, ಇದು ಹಗೇವಿನ ಗಾಳಿ ಮೂಸಿ ನೋಡ್ತೈತಿ" ಅಂದೆ.

"ಮೂಗು ಎಲ್ಲೈತಿ ಅದಕ್ಕ?"

ವೈರಿನ ತುದಿಗಿದ್ದ, ಹುಣಸೆಬೀಜದಂಥದ್ದನ್ನು ತೋರಿಸಿದೆ. "ಇದ ಮೂಗು. ಇದು ತಳಕ್ಕ ಹೋಗ್ತೈತಿ, ಡಬ್ಬಿ ಮ್ಯಾಲ ಇರ್ತೈತಿ. ಮದಲ ವೈರ್ ಇಲ್ಲದ ಮಾಡಿದ್ವಿ, ಮಣ್ಣು ಸಿಗ್ನಲ್ ನುಂಗಿಬಿಡ್ತು."

"ಮಣ್ಣು ಯಾರನ್ ಬಿಟ್ಟೈತಿ."

"ಗಾಳಿ ಕೆಟ್ಟಿದ್ರ ಡಬ್ಬಿ ಒದರ್ತೈತಿ ಆಯಿ. ಸುಮ್ಮಾದ ಮ್ಯಾಲನ ಇಳೀಬೇಕು."

ನಿಮ್ಮಪ್ಪ ನಕ್ಕ. "ಅಕ್ಕಾರ, ಇನ್ನ ನಿಮ್ಮ ಕಂದೀಲಿಗೆ ಪಿಂಚಣಿ ಕೊಡ್ರಿ." ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಒಳಗೆ ಎಲ್ಲೋ — ಹಲ್ಲಿನ ಸಂದಿಯ ಅಡಿಕೆ ಚೂರಿನಂತೆ ಕೂತುಬಿಟ್ಟಿತು.

ಆ ದಿನ ನೀನು ವಿಜಯಪುರದಲ್ಲಿದ್ದೆ. ಹೂವಿನ ಹಿಪ್ಪರಗಿಯ ನನ್ನ ಮಗಳ ಮನೆಗೆ ಜೋಳ ಒಯ್ಯಲು ಟಂಟಂ ಗಾಡಿ ಬಂದು ನಿಂತಿತ್ತು. ಹಗೇವಿನ ಅರ್ಧ ಜೋಳ ಹಿಂದಿನ ವರ್ಷವೇ ತೆಗೆದಾಗಿತ್ತು, ಉಳಿದದ್ದು ಬಹಳ ಕೆಳಗಿತ್ತು. ಚಪ್ಪಡಿ ಸರಿಸಿ, ನಿನ್ನ ವೈರು ಬಿಟ್ಟು, ಹೊತ್ತು ಕಾದೆವು. ಡಬ್ಬಿ ಒದರುತ್ತಲೇ ಇತ್ತು. ನಾನು ಕಂದೀಲು ಇಳಿಸಿದೆ. ಅದು ಉರಿಯಿತು. ತಳದವರೆಗೆ ಇಳಿಸಿದ್ದೆನೆ? ಇಲ್ಲ. ಹಗ್ಗ ಗಿಡ್ಡವಿತ್ತು, ನಡುವಿಗೆ ನಿಂತಿತು. ಅದು ನನಗೆ ಗೊತ್ತಿತ್ತು.

ಟಂಟಂ ಓಡಿಸುವ ಬಸು ಚಾಷ್ಟಿ ಮಾಡಿದ. "ಆಯಿ, ನಿನ್ನ ಕಂದೀಲು ಹೂಂ ಅಂತೈತಿ, ಡಬ್ಬಿ ಉಹೂಂ ಅಂತೈತಿ. ಅತ್ತಿ ಸೊಸಿ ಜಗಳ ಹಚ್ಚೀರಲ್ಲ. ಯಾರ ಮಾತ ಕೇಳೂದು?"

ನಿಮ್ಮಪ್ಪ, "ಮಗಳು ಹೇಳ್ಯಾಳ. ಸುಮ್ಮಾಗ್ಲಿ, ಅಲ್ಲೀತನ ಚಾ ಕುಡಿಯೂಣು" ಅಂದ. ನನ್ನ ಮಗ, ಬಸು, ಅವನು ಮೂವರೂ ಬೇವಿನ ಗಿಡದ ಬುಡಕ್ಕೆ ಹೋದರು.

ನಾನು ಮತ್ತು ಡಬ್ಬಿ ಉಳಿದೆವು. ಅದು ಕೂಗುತ್ತಿತ್ತು. ಟಿವಿ ರಿಮೋಟಿಗೆ ಇರುವಂಥದೇ ಮುಚ್ಚಳ ಅದರ ಬೆನ್ನಿಗೂ ಇತ್ತು. ಉಗುರಿನಿಂದ ಎಬ್ಬಿಸಿದೆ, ಸೆಲ್ ತೆಗೆದೆ, ಸಂಚಿಯಲ್ಲಿ ಎಲೆ ಅಡಿಕೆಯ ನಡುವೆ ಇಟ್ಟುಕೊಂಡೆ. ಸಿಟ್ಟಿನಲ್ಲಿ ಮಾಡಿದೆ ಎಂದು ಹೇಳಲಾರೆ. ಅವರು ಚಹಾ ಕುಡಿದು ಮುಗಿಸುವವರೆಗೆ ಸುಮ್ಮನೆ ಕೂತಿದ್ದೆ. ಮತ್ತೆ ಹಾಕಲು ಬೇಕಾದಷ್ಟು ಹೊತ್ತಿತ್ತು. ಹಾಕಲಿಲ್ಲ.

ಅವರು ಬಂದರು. ನಾನು ಅಂದೆ — "ಸುಮ್ಮಾತು ನೋಡ್ರಿ. ಇಳಿ ಮೌಲಾ."

ಅವನು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಡಬ್ಬಿಯ ಕಡೆ ಒಮ್ಮೆ ನೋಡಿದ. "ಹಾಂ. ನಮ್ಮ ಶಾಹೀನ್ ಹೂಂ ಅಂದ್ಲು" ಅಂದ. ಇಳಿದ.

ಒಂದು ಬುಟ್ಟಿ ಜೋಳ ಮೇಲೆ ಬಂತು. ಎರಡನೆಯದು ಬರಲಿಲ್ಲ. ಮಗ ಕೂಗಿದ, ಬಸು ಕೂಗಿದ. ಹಗ್ಗ ಜಗ್ಗಿದರೆ ಕಲ್ಲು ಕಟ್ಟಿದಂತೆ ಭಾರ. ಹೇಗೋ ಎಳೆದು ತಂದರು. ಮುಖ ಸೀಸದ ಬಣ್ಣ. ಬಸು ಎದೆ ಒತ್ತತೊಡಗಿದ, ಮಗ ಹೆಸರು ಹಿಡಿದು ಕರೆಯುತ್ತಿದ್ದ. ನನ್ನ ಕೈ — ಶಾಹೀನ್, ಅವನ ಉಸಿರು ನೋಡುವ ಮೊದಲು ನನ್ನ ಕೈ ಸಂಚಿಗೆ ಹೋಯಿತು.

ಸೆಲ್ ಹಾಕಿದ ಕೂಡಲೇ ಡಬ್ಬಿ ಒದರಿತು. ಬಸು ತಿರುಗಿ ನೋಡಿ, "ಈಗ ಒದರಾಕತ್ತೈತಿ ನೋಡ್ರಿ ಸುಡಗಾಡದ್ದು, ಮನಶ್ಯಾ ಬಿದ್ದ ಮ್ಯಾಲ" ಅಂದ. ಆ ಮಾತೇ ಊರೆಲ್ಲ ನಿಂತಿತು. ಮೌಲಾಸಾಬನ ಮಗಳ ಡಬ್ಬಿ ಮನುಷ್ಯ ಬಿದ್ದ ಮೇಲೆ ಒದರುತ್ತದೆ.

ಅದೇ ಟಂಟಂದಲ್ಲಿ ಅವನನ್ನು ದವಾಖಾನೆಗೆ ಒಯ್ದರು. ಜೀವ ಉಳಿಯಿತು. ಎಡಗೈ ಮುಚ್ಚುವುದಿಲ್ಲ, ಮಾತು ತಡವಾಗಿ ಬರುತ್ತದೆ. ಊರಿನ ಎತ್ತು, ಹೊರೆ, ತೊಟ್ಟಿಲು ಎಲ್ಲಕ್ಕೂ ಗಂಟು ಹಾಕಿ ಕೊಡುತ್ತಿದ್ದವನು ಈಗ ಕಟ್ಟೆಯ ಮೇಲೆ ಕೂತು ಒಂದೇ ಹಗ್ಗದ ತುಂಡನ್ನು ತಿರುಗಿಸುತ್ತಾನೆ, ಗಂಟು ಬೀಳುವುದಿಲ್ಲ.

ನೀನು ಡಬ್ಬಿ ಬಿಚ್ಚಿದೆ, ಕಟ್ಟಿದೆ, ಮತ್ತೆ ಬಿಚ್ಚಿದೆ. ತಪ್ಪು ಅದರೊಳಗೆ ಇದ್ದರೆ ತಾನೆ ಸಿಗುವುದು. ಒಂದು ದಿನ ಲ್ಯಾಪ್‌ಟಾಪ್ ಹಿಡಿದು ನನ್ನ ಪಕ್ಕ ಕೂತೆ. ಪರದೆಯ ಮೇಲೊಂದು ಗೆರೆ, ಆ ದಿನ ಡಬ್ಬಿ ಬರೆದಿಟ್ಟುಕೊಂಡ ಗಾಳಿಯ ಲೆಕ್ಕ. "ನೋಡಾಯಿ, ಏರಿಕೋತ ಹೋಗಿ ಇಲ್ಲಿ ಕಡದೈತಿ. ಮತ್ತ ಇಲ್ಲಿ ಎದ್ದೈತಿ. ಕೆಟ್ಟ ಗಾಳಿ ಹೆಚ್ಚಾಗಿ ಮೂಗು ಕಟ್ಟಿರಬೇಕು. ನಡುವ ಏನಾತು, ನೀ ಅಲ್ಲೇ ಇದ್ದೆಲ್ಲ?"

"ನನಗೇನ ತಿಳೀತೈತಿ ಯವ್ವಾ, ಓದದಾಕಿ" ಅಂದೆ. ಓದದೇ ಇದ್ದದ್ದು ಆ ದಿನ ನನಗೆ ಮುಖ ಮುಚ್ಚಿಕೊಳ್ಳುವ ಸೆರಗಾಯಿತು.

ಅಂದಿನಿಂದ ಅಂಜಿಕೊಂಡೇ ಬದುಕಿದ್ದೇನೆ. ಮೊಮ್ಮಗನ ಫೋನು ಕುಂಯ್ ಅಂದರೆ ಎದ್ದು ಹೊರಗೆ ಹೋಗುತ್ತೇನೆ. ಹಗೇವಿನ ಚಪ್ಪಡಿ ದಾಟಲಾರದೆ ಅಂಗಳ ಸುತ್ತುಹಾಕಿ ಹೋಗುತ್ತೇನೆ. ಎಲ್ಲಕ್ಕಿಂತ ಹೆಚ್ಚು ಅಂಜಿದ್ದು ನಿಮ್ಮಪ್ಪನ ಬಾಯಿಗೆ. ನೆನಪು ಒಂದೊಂದೇ ತಿರುಗಿ ಬರಬಹುದು ಎಂದು ಡಾಕ್ಟರ್ ಹೇಳಿದರಂತೆ. ಇಳಿಯುವ ಮೊದಲು ಅವನು ಡಬ್ಬಿ ನೋಡಿದ್ದನಲ್ಲ — ಮುಚ್ಚಳ ಸರಿಯಾಗಿ ಕೂತಿತ್ತೋ ಇಲ್ಲವೋ, ಏನು ನೋಡಿದನೋ… ದಾರಿಯಲ್ಲಿ ನನ್ನನ್ನು ಕಂಡರೆ ಮಾತು ಶುರುಮಾಡುತ್ತಾನೆ. "ಅ… ಅಕ್ಕಾರ…" ಮುಂದಿನ ಶಬ್ದ ಬರುವವರೆಗೆ ನಾನು ಸತ್ತು ನಿಂತಿರುತ್ತೇನೆ. "…ಚಾ ಆತೇನ್ರಿ?" ಅನ್ನುತ್ತಾನೆ. ಆತಪ್ಪಾ ಆತು ಅಂದು ಓಡುತ್ತೇನೆ.

ಇಷ್ಟಾದರೂ ಬಾಯಿ ಬಿಡದೆ ಸಾಯುತ್ತಿದ್ದೆನೇನೋ. ಹೋದ ವಾರ ಹೂವಿನ ಹಿಪ್ಪರಗಿಗೆ ಮಗಳ ಮನೆಗೆ ಹೋಗಿದ್ದೆ. ಅಲ್ಲಿ ನಮ್ಮ ಬೀಗರ ಹಗೇವಿನ ಮೇಲೆ ನಿನ್ನ ಹೊಸ ಡಬ್ಬಿ ಇತ್ತು. ಚಪ್ಪಡಿ ತೆಗೆದು ಒಂದಿಡೀ ದಿನ ಗಾಳಿಯಾಡಿತ್ತು, ಅವರ ಕಂದೀಲು ತಳ ಮುಟ್ಟಿ ಉರಿದಿತ್ತು. ಆದರೂ ಡಬ್ಬಿ ಒದರುತ್ತಿತ್ತು. ಯಾಕೆ ಎಂದು ಕೇಳಿದೆ. ಇಂಗಳೇಶ್ವರದಲ್ಲಿ ಹಳೆಯ ಡಬ್ಬಿ ತಡಮಾಡಿತಂತೆ, ಅದಕ್ಕೆ ಆ ಹುಡುಗಿ ಈಗ ಚೂರು ವಾಸನೆ ಬಂದರೂ ಒದರುವ ಹಾಗೆ ಮಾಡಿದ್ದಾಳೆ ಅಂದರು.

ನನ್ನ ಸುಳ್ಳು ಸಾಯದೆ ನಿನ್ನ ಹೊಸ ಡಬ್ಬಿಯೊಳಗೆ ಹೋಗಿ ಕೂತಿತ್ತು.

ಬೀಗರು ನಕ್ಕೋತ ಅಂದರು, "ಇದು ಹಟದ ಕೂಸ್ರಿ ಬೀಗ್ತಿ, ಸುಮ್ಮಸುಮ್ಮನ ಅಳ್ತೈತಿ. ಸೆಲ್ ತಗದಿಟ್ಟು ಇಳೀತೇವಿ. ಹಿಂದಕೂ ಹಂಗ ಇಳಿದೇವಿ, ಏನ್ ಆಗಿಲ್ಲ." ಅಂಗೈ ತೆರೆದು ತೋರಿಸಿದರು. ಸೆಲ್ ಅಲ್ಲಿತ್ತು.

ಅಲ್ಲಿ ಆ ದಿನ ಗಾಳಿ ಒಳ್ಳೆಯದಿದ್ದೀತು. ನಾಳೆ ಇರದಿದ್ದರೆ? ಆಗಲೂ ಸೆಲ್ ಅಂಗೈಯಲ್ಲೇ ಇರುತ್ತದೆ. ನಾನು ಹೋಗಿ ಹಗೇವಿನ ಬಾಯಿಗೆ ಅಡ್ಡ ಕೂತೆ.

"ಏಳ್ರಿ ಬೀಗ್ತಿ, ಚಾಷ್ಟಿ ಸಾಕು."

"ಏಳಂಗಿಲ್ಲ. ಸೆಲ್ ಹಾಕ್ರಿ ಮದಲ. ಇಂಗಳೇಶ್ವರದಾಗ ನಾನೂ ಹಿಂಗ ತಗದಿದ್ದೆ. ಮೌಲಾಸಾಬನ ಕೈ ಹ್ವಾದದ್ದು ನನ್ನ ಕೈಯಿಂದ."

ಬೀಗರು ಸೆಲ್ ಹಾಕಿದರು, ಹಗೇವು ಮುಚ್ಚಿದರು. ನನ್ನ ಮಗಳು ಬಸ್ಸಿನವರೆಗೆ ಬಂದಳು, ಮುಖ ನೋಡಲಿಲ್ಲ.

ಈ ಸುದ್ದಿ ಬೈಕು, ಬಸ್ಸು ಹತ್ತಿ ಇಂಗಳೇಶ್ವರಕ್ಕೆ ಬರುತ್ತದೆ. ಅದಕ್ಕೂ ಅಂಜಿ ಬರೆಯುತ್ತಿದ್ದೇನೆ, ಧೈರ್ಯದಿಂದ ಎಂದು ತಿಳಿಯಬೇಡ. ಇನ್ನೂ ಯಾವ ಯಾವ ಹಗೇವಿನ ಬಾಯಿಯಲ್ಲಿ ನಿನ್ನ ಡಬ್ಬಿ ಇದೆಯೋ, ಯಾರ ಉಗುರು ಮುಚ್ಚಳದ ಮೇಲಿದೆಯೋ — ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ. ಮೊದಲು ಆ ಎಲ್ಲರಿಗೂ ಫೋನು ಮಾಡು. ನಿನ್ನ ಮೊದಲಿನ ಲೆಕ್ಕ ಸರಿಯಿತ್ತು, ಹೊಸ ಡಬ್ಬಿಯನ್ನೂ ಹಾಗೇ ಮಾಡು. ಸುಮ್ಮನಾದರೆ ಇಳಿ ಅನ್ನುವುದೊಂದನ್ನು ಮಾತ್ರ ತೆಗೆದುಹಾಕು. ಸತ್ತ ಡಬ್ಬಿಯೂ ಸುಮ್ಮನೆ ಇರುತ್ತದೆ. ಗೆರೆ ಕಡಿದ ಜಾಗದಲ್ಲಿ ನನ್ನ ಹೆಸರು ಬರೆ. ನಿಮ್ಮ ಸರ್ ಕೇಳಿದರೆ ನಾನೇ ಬಂದು ಹೇಳುತ್ತೇನೆ.

ಮಾಫಿ ಕೇಳುವುದಿಲ್ಲ. ಕೇಳಿದರೆ ಕೊಡಬೇಕೋ ಬೇಡವೋ ಎಂಬ ಭಾರ ನಿನ್ನ ಮೇಲೆ ಬೀಳುತ್ತದೆ.

ನಾಳೆ ಮುಂಜಾನೆ ನಿಮ್ಮ ಕಟ್ಟೆಗೆ ಹೋಗುತ್ತೇನೆ. ನಿಮ್ಮಪ್ಪ ಹಗ್ಗದ ತುಂಡು ಹಿಡಿದು ಕೂತಿರುತ್ತಾನೆ. ಎದುರಿಗೆ ಕೂತು ಎಲ್ಲ ಹೇಳುತ್ತೇನೆ. ಅವನು "ಅಕ್ಕಾರ" ಅನ್ನುತ್ತಾನೆ, ಮುಂದಿನ ಶಬ್ದಕ್ಕೆ ಹೊತ್ತು ಹಿಡಿಯುತ್ತದೆ. ಈ ಸಲ ಏಳುವುದಿಲ್ಲ. ಅದು ಬರುವವರೆಗೆ ಕೂತಿರುತ್ತೇನೆ.