ಎದೆಗೆ ಕೊಟ್ಟ ಹೊಟ್ಟೆ

ಆಪರೇಷನ್ ಆಗಿ ಹದಿನಾಲ್ಕು ತಿಂಗಳು ಕಳೆದಿದ್ದರೂ ಬೆಳಿಗ್ಗೆ ಹಾಸಿಗೆಯಿಂದ ಏಳುವುದೇ ನನಗೊಂದು ಕೆಲಸವಾಗಿತ್ತು. ಮೊದಲು ಬಲಕ್ಕೆ ಹೊರಳಬೇಕು, ಕಾಲು ಇಳಿಬಿಡಬೇಕು, ಆಮೇಲೆ ಮೊಣಕೈ ಊರಿ ಮೈಯನ್ನು ಮೇಲಕ್ಕೆ ದೂಡಬೇಕು. ಮರೆತು ನೇರವಾಗಿ ಎದ್ದರೆ ಹೊಟ್ಟೆಯೊಳಗೆ ಯಾರೋ ಹುರಿ ಬಿಗಿದು ಎಳೆದಂತಾಗುತ್ತಿತ್ತು. ಮದ್ರಾಸಿನ ಅಣ್ಣಾ ನಗರದ ನಮ್ಮ ಮೂರನೆಯ ಮಹಡಿಯ ಮನೆಯಲ್ಲಿ ಅಷ್ಟು ಹೊತ್ತಿಗೇ ಸೆಕೆ ಶುರುವಾಗಿರುತ್ತಿತ್ತು. ಎದ್ದು ಕೂತವಳು ಸ್ವಲ್ಪ ಹೊತ್ತು ಹಾಗೇ ಇರುತ್ತಿದ್ದೆ. ದಿನವಿನ್ನೂ ಶುರುವಾಗಿರಲಿಲ್ಲ, ನಾನಾಗಲೇ ದಣಿದಿದ್ದೆ.

ಎಡ ಸ್ತನದಲ್ಲಿ ಕ್ಯಾನ್ಸರ್ ಆಗಿತ್ತು. ಅದನ್ನು ತೆಗೆದು, ಕೆಳಹೊಟ್ಟೆಯ ಚರ್ಮವನ್ನೂ ಕೊಬ್ಬನ್ನೂ ಎದೆಗೆ ಜೋಡಿಸಿ ಹೊಸ ಸ್ತನ ಮಾಡಿದ್ದರು. "ಬೊಜ್ಜೂ ಹೋಗತ್ತೆ, ಎದೆನೂ ಬರತ್ತೆ, ಅದೃಷ್ಟವಂತೆ ಕಣೇ" ಎಂದು ಮೈಸೂರಿನಿಂದ ಅಕ್ಕ ಫೋನಿನಲ್ಲಿ ನಗಿಸಲು ನೋಡಿದ್ದಳು. ನಾನೂ ನಕ್ಕಿದ್ದೆ. ಆಗ ಹೊಟ್ಟೆಯ ಬಗ್ಗೆ ಯಾರಿಗೂ ಚಿಂತೆಯಿರಲಿಲ್ಲ, ನನಗೂ ಇರಲಿಲ್ಲ.

ಈಗ ಸೊಂಟದ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಹೊಲಿಗೆಯ ಗುರುತು. ಹೊಕ್ಕುಳವನ್ನೂ ಹೊಸದಾಗಿ ಕೂರಿಸಿದ್ದರು. ಅದರ ಕೆಳಗೆ ಮುಟ್ಟಿದರೆ ಏನೂ ತಿಳಿಯದು, ಮೇಲೆ ಸದಾ ಬಿಗಿತ. ಲಂಗದ ಲಾಡಿ ಸರಿಯಾಗಿ ಆ ಗೆರೆಯ ಮೇಲೇ ಕೂರುತ್ತಿದ್ದುದರಿಂದ ಸೀರೆ ಉಡುವುದು ಬಿಟ್ಟೆ. ಶಾಲೆಯಲ್ಲಿ ಗಣಿತ ಹೇಳಿಕೊಡುವವಳು ನಾನು. ನಾಲ್ಕನೆಯ ಪೀರಿಯಡ್ ಮುಗಿಯುವಷ್ಟರಲ್ಲಿ ಹೊಟ್ಟೆ ಊದಿ ಮುಂದಕ್ಕೆ ಬರುತ್ತಿತ್ತು. ಬೋರ್ಡಿನ ಮೇಲ್ಭಾಗದಲ್ಲಿ ಬರೆಯುವುದನ್ನೇ ನಿಲ್ಲಿಸಿದ್ದೆ.

ಒಂದು ಸಂಜೆ ಮೆಟ್ರೋದಲ್ಲಿ ಒಬ್ಬ ಹುಡುಗಿ ನನ್ನನ್ನು ನೋಡಿ ತಟ್ಟನೆ ಎದ್ದಳು. "ಉಕ್ಕಾರುಂಗ ಅಕ್ಕಾ" ಎಂದು ಕೈಹಿಡಿದು ಕೂರಿಸಿ, ಎಷ್ಟು ತಿಂಗಳು ಎಂದು ತಮಿಳಿನಲ್ಲಿ ಕೇಳಿದಳು. ನನಗೆ ನಲವತ್ತನಾಲ್ಕು ವರ್ಷ. ಇಲ್ಲ ಎನ್ನಬೇಕಿತ್ತು. ಆದರೆ ಇಲ್ಲ ಎಂದರೆ ಉಳಿದದ್ದನ್ನೆಲ್ಲ ಹೇಳಬೇಕಾಗುತ್ತಿತ್ತು. "ಆರು" ಎಂದುಬಿಟ್ಟೆ. ಅವಳು ಸಂತೋಷದಿಂದ ಹುಷಾರಾಗಿರಿ ಎಂದಳು. ನನ್ನ ಸ್ಟೇಷನ್ನಿನಲ್ಲಿ ಇಳಿಯುವವರೆಗೂ ಅವಳ ಮುಖ ನೋಡಲಾಗಲಿಲ್ಲ. ಮನೆಯಲ್ಲೂ ಯಾರಿಗೂ ಹೇಳಲಿಲ್ಲ. ನನ್ನವರು ದಿನವೂ ಆಫೀಸಿನಿಂದ ಬಂದು "ಹೇಗಿದೀಯ?" ಎನ್ನುತ್ತಿದ್ದರು. "ಪರವಾಗಿಲ್ಲ" ಎನ್ನುತ್ತಿದ್ದೆ. ಅವರಿಗೂ ಆ ಉತ್ತರವೇ ಬೇಕಿತ್ತೇನೋ.

ಅದಾಗಿ ಕೆಲವು ದಿನಕ್ಕೆ, ಒಂದು ಭಾನುವಾರ, ಮೇಲಿನ ಶೆಲ್ಫಿನಿಂದ ಕಡಲೆಬೇಳೆ ಡಬ್ಬ ತೆಗೆಯಲು ಸ್ಟೌವಿನ ಪಕ್ಕ ಕಟ್ಟೆಗೆ ಒರಗಿ ನಿಂತಿದ್ದೆ. ಆಗ ತಾನೇ ಇಳಿಸಿಟ್ಟ ಬಾಣಲೆ ಅಲ್ಲೇ ಇತ್ತು. ಬಟ್ಟೆ ಸುಟ್ಟ ವಾಸನೆ ಬಂತು. ಎಲ್ಲಿಂದ ಎಂದು ಸುತ್ತ ನೋಡುತ್ತಿದ್ದೆ.

"ಅಮ್ಮಾ, ನೈಟಿ!" ಎಂದು ಕೂಗಿ ಮಗಳು ನನ್ನನ್ನು ಹಿಂದಕ್ಕೆಳೆದಳು.

ಹೊಟ್ಟೆಯ ಮೇಲೆ ವಡೆಯಷ್ಟಗಲ ಕೆಂಪಗೆ ಸುಟ್ಟಿತ್ತು. ಮಗಳು ಹತ್ತನೆಯ ಕ್ಲಾಸಿನವಳು. ನಾವು ಕನ್ನಡದಲ್ಲಿ ಮಾತಾಡಿದರೂ ತಮಿಳಿನಲ್ಲೇ ಉತ್ತರ ಕೊಡುತ್ತಾಳೆ. ತಣ್ಣೀರಿನ ಬಟ್ಟೆ ಒತ್ತುತ್ತಾ "ವಲಿಕ್ಕಲಯಾ?" ಎಂದಳು, ನೋಯುತ್ತಿಲ್ಲವಾ ಎಂದು.

"ಅಲ್ಲಿ ಏನೂ ಗೊತ್ತಾಗಲ್ಲ ಪುಟ್ಟಿ. ಅದರ ಮೇಲ್ಗಡೆ ಮಾತ್ರ ಯಾವಾಗ್ಲೂ ನೋವು."

"ಎಪ್ಪೊಲಿರುಂದು?"

ಯಾವಾಗಿನಿಂದ ಎಂದರೆ ಏನು ಹೇಳುವುದು? "ಆಪರೇಷನ್ ಆದಾಗಿಂದ" ಎಂದೆ. ಅವಳು ಅತ್ತುಬಿಟ್ಟಳು. ನನಗೆ ಅಳಲೂ ಭಯ. ಬಿಕ್ಕಿದರೆ ಹೊಟ್ಟೆ ಹಿಡಿದುಕೊಳ್ಳುತ್ತಿತ್ತು.

ಮುಂದಿನ ಚೆಕಪ್ಪಿಗೆ ಅವಳೇ ಜೊತೆಗೆ ಬಂದಳು. ಸರ್ಜನ್ ಪ್ರತಿ ಸಲದಂತೆ ಎದೆ ನೋಡಿ ತೃಪ್ತಿಯಿಂದ ತಲೆಯಾಡಿಸಿದರು. ನಾನೂ ಪ್ರತಿ ಸಲದಂತೆ "ಚೆನ್ನಾಗಿದೆ ಡಾಕ್ಟರ್" ಎಂದೆ. ಅಷ್ಟು ಗಂಟೆ ನಿಂತು ಆಪರೇಷನ್ ಮಾಡಿದವರ ಮುಂದೆ ದೂರುವುದೆಂದರೆ, ಊಟ ಹಾಕಿದವರ ಮನೆಯಲ್ಲೇ ಉಪ್ಪು ಕಮ್ಮಿ ಎಂದ ಹಾಗೆ ಅನ್ನಿಸುತ್ತಿತ್ತು.

"ಡಾಕ್ಟರ್, ಚೆಸ್ಟ್ ಓಕೆ. ವಯಿತ್ತೆ ಪಾರುಂಗ" ಎಂದಳು ಮಗಳು. ಹೊಟ್ಟೆ ನೋಡಿ, ಎಂದು.

ಅವರು ನನ್ನನ್ನು ನಿಲ್ಲಿಸಿ ಕೆಮ್ಮಲು ಹೇಳಿದರು. ಕೆಮ್ಮಿದಾಗ ಕೆಳಹೊಟ್ಟೆ ಉಬ್ಬಿ ಬಂತು. ಸ್ಕ್ಯಾನ್ ಆಯಿತು. ಹರ್ನಿಯಾ ಇರಲಿಲ್ಲ. ಹೊಟ್ಟೆಯ ಗೋಡೆ ಸಡಿಲವಾಗಿದೆ, ನರಗಳಲ್ಲಿ ಕೆಲವು ಚೇತರಿಸಿಕೊಳ್ಳಬಹುದು, ಕೆಲವು ಚೇತರಿಸಿಕೊಳ್ಳದೆಯೂ ಇರಬಹುದು ಎಂದರು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದೂ ಕೇಳಿದರು.

"ಜೀವ ಉಳಿದಿದೆಯಲ್ಲ, ಇದನ್ನೇನು ಹೇಳೋದು ಅಂತ..." ಎಂದೆ. ಅವರು ಫಿಜಿಯೋಥೆರಪಿಗೆ ಚೀಟಿ ಬರೆದರು.

ಫಿಜಿಯೋಥೆರಪಿಸ್ಟ್ ಮಿತಭಾಷಿ ಹೆಂಗಸು. ಮೊದಲ ದಿನ ಹೊಲಿಗೆಯ ಉದ್ದಕ್ಕೂ ಬೆರಳಿಟ್ಟು, ಎಲ್ಲಿ ತಿಳಿಯುತ್ತದೆ, ಎಲ್ಲಿ ತಿಳಿಯುವುದಿಲ್ಲ ಎಂದು ಕೇಳಿ ಕೇಳಿ ಪೆನ್ನಿನಲ್ಲಿ ಗುರುತು ಹಾಕಿದರು. ಆಪರೇಷನ್ ಆದ ಮೇಲೆ ಹೊಟ್ಟೆಯ ಬಗ್ಗೆ ಅಷ್ಟು ಹೊತ್ತು ನನ್ನನ್ನು ಕೇಳಿದವರು ಅವರೊಬ್ಬರೇ. ಉಸಿರು ಬಿಡುತ್ತಾ ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳುವುದನ್ನು, ಗುರುತಿನ ಸುತ್ತ ಎಣ್ಣೆ ಹಚ್ಚಿ ನೀವುವುದನ್ನು ಕಲಿಸಿದರು. ನಾಲ್ಕು ತಿಂಗಳು ವಾರಕ್ಕೆರಡು ಸಲ ಹೋದೆ. ಕೆಲವು ದಿನ ಹೋಗಲು ಸಾಕಾಗುತ್ತಿತ್ತು, ಆದರೂ ಹೋದೆ. ಹೊಟ್ಟೆಗೆ ಆಸರೆಯ ಬೆಲ್ಟ್ ಕಟ್ಟಿಕೊಂಡು ಮದ್ರಾಸಿನ ಮೇ ತಿಂಗಳನ್ನು ಕಳೆದೆ. ಅದರಡಿ ಬೆವರುಸಾಲೆ ಎದ್ದಿತು. ಬಿಗಿತ ಅರ್ಧದಷ್ಟು ಇಳಿಯಿತು. ಸುಟ್ಟ ಗಾಯ ವಾಸಿಯಾಯಿತು, ಆ ಜಾಗಕ್ಕೆ ಸ್ಪರ್ಶ ಮಾತ್ರ ಮರಳಿಲ್ಲ. ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ಸನ್ನು ಕೇಳಿ ಕ್ಲಾಸಿಗೊಂದು ಎತ್ತರದ ಸ್ಟೂಲ್ ಹಾಕಿಸಿಕೊಂಡೆ. ಕೇಳಲು ಒಂದು ವಾರ ಹಿಂದೆಮುಂದೆ ನೋಡಿದ್ದೆ. ಅವರು ಅರ್ಧ ನಿಮಿಷದಲ್ಲಿ ಒಪ್ಪಿದರು.

ಕಳೆದ ವಾರ ನನ್ನವರು ಬಂದು ಎಂದಿನಂತೆ ಹೇಗಿದೀಯ ಎಂದರು.

"ಇವತ್ತು ಚೆನ್ನಾಗಿಲ್ಲ ಕಣ್ರೀ" ಎಂದೆ.

ಬ್ಯಾಗು ಹಿಡಿದುಕೊಂಡೇ ಬಾಗಿಲಲ್ಲಿ ನಿಂತರು. ಆಮೇಲೆ ಬ್ಯಾಗಿಟ್ಟು, ಕೈ ತೊಳೆದು, "ಅನ್ನಕ್ಕೆ ಎಷ್ಟು ಲೋಟ ಅಕ್ಕಿ?" ಎಂದು ಅಡುಗೆಮನೆಯಿಂದ ಕೇಳಿದರು. ಒಂದೂವರೆ ಎಂದೆ, ಮಂಡಿಯಡಿಗೆ ದಿಂಬಿಟ್ಟುಕೊಂಡು ಮಲಗಿದೆ.